ಇಪ್ಪತ್ತು ಗುಂಟೆಯಲ್ಲಿ ಅಪಾರ್ಟ್‌ಮೆಂಟ್: ಪಾಯ ತೆಗೆಯುವ ಮೊದಲೇ ಮುಗಿಸಬೇಕಾದ ನೀರು, ಮಣ್ಣು, ಬಿಸಿಲಿನ ಲೆಕ್ಕ

ಕಟ್ಟಡ ಎದ್ದ ಮೇಲೆ ಹತ್ತು ಗಿಡ ನೆಟ್ಟು ಗೇಟಿಗೆ ಹಸಿರು ಫಲಕ ಹಾಕಿದರೆ ಅದು ಜಾಹೀರಾತು, ಅಷ್ಟೆ. ನಿಜವಾಗಿ ವ್ಯತ್ಯಾಸ ತರುವ ತೀರ್ಮಾನಗಳೆಲ್ಲ ಜೆಸಿಬಿ ಬರುವ ಮೊದಲೇ ನಕ್ಷೆಯ ಮೇಲೆ ಆಗಿಬಿಡುತ್ತವೆ. ಫ್ಲಶ್‌ಗೆ ಬೇರೆ ಪೈಪ್ ಬೇಕೇ ಎಂದು ಬಾತ್‌ರೂಮಿಗೆ ಟೈಲ್ಸ್ ಹಾಕಿದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.

ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ ಬೆಂಗಳೂರಿನ ಹೊರವಲಯದ ಒಂದು ಸಾಧಾರಣ ಯೋಜನೆಯನ್ನು ಇಟ್ಟುಕೊಳ್ಳೋಣ: 20 ಗುಂಟೆ ಜಾಗ (ಸುಮಾರು 2,020 ಚದರ ಮೀಟರ್), 24 ಮನೆ, 800 ಚದರ ಮೀಟರ್ ತಾರಸಿ, ಕೆಳಗೊಂದು ಬೇಸ್‌ಮೆಂಟ್. ಕೇಂದ್ರದ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕಾಗುವುದು 20,000 ಚದರ ಮೀಟರ್ ನಿರ್ಮಾಣ ದಾಟಿದಾಗ. ಅಂದರೆ ಈ ಗಾತ್ರದ ಕಟ್ಟಡದ ನೀರಿನ ಲೆಕ್ಕವನ್ನು ಹೊರಗಿನ ಯಾವ ಸಮಿತಿಯೂ ಕೂತು ನೋಡುವುದಿಲ್ಲ. ನೋಡಬೇಕಾದವರು ಬಿಲ್ಡರ್, ಆರ್ಕಿಟೆಕ್ಟ್ ಮತ್ತು ಜಮೀನಿನ ಮಾಲೀಕರು. ಜಾಯಿಂಟ್ ಡೆವಲಪ್‌ಮೆಂಟ್‌ಗೆ ಜಮೀನು ಕೊಡುವವರು ಮುಂದಿನ ಅಂಶಗಳನ್ನು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಬಾಯಿಮಾತು ಪ್ಲಂಬರ್‌ವರೆಗೆ ತಲುಪುವುದಿಲ್ಲ.

ಮೊದಲು ಜಾಗ ಓದಿ

ಗ್ರಾಮ ನಕ್ಷೆ ತರಿಸಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ, ಪಕ್ಕದ ಖರಾಬು, ಹಳ್ಳ, ಕೆರೆ ಎಲ್ಲಿವೆ ನೋಡಿ. 2015ರ ಮಹಾಯೋಜನೆಯ ಲೆಕ್ಕದಲ್ಲಿ ಕೆರೆಯಿಂದ 30 ಮೀಟರ್, ರಾಜಕಾಲುವೆಯ ಮಧ್ಯದಿಂದ ಅದರ ದರ್ಜೆಗೆ ತಕ್ಕಂತೆ 50, 25 ಅಥವಾ 15 ಮೀಟರ್ ಬಿಡಬೇಕು. ಈ ಅಳತೆಗಳ ಮೇಲೆ ಕೋರ್ಟಿನಲ್ಲೂ ಸರ್ಕಾರದಲ್ಲೂ ಜಗ್ಗಾಟ ನಡೆದೇ ಇದೆ. ಆದ್ದರಿಂದ ಏಜೆಂಟ್ ಮಾತು ನಂಬದೆ ಯೋಜನಾ ಪ್ರಾಧಿಕಾರದಿಂದ ಬರಹದಲ್ಲೇ ಪಡೆಯಿರಿ.

ನೆಲದ ಏರುತಗ್ಗು ತೋರಿಸುವ, ಅರ್ಧ ಮೀಟರ್ ಅಂತರದ ಕಾಂಟೂರ್ ಸರ್ವೆ ಮಾಡಿಸಿ. ಇಂಗುಬಾವಿ ಮತ್ತು ಮಳೆನೀರಿನ ತೊಟ್ಟಿ ಜಾಗದ ತಗ್ಗು ಮೂಲೆಗೆ ಹೋಗಬೇಕು, ಬೇಸ್‌ಮೆಂಟ್ ರ‍್ಯಾಂಪ್ ಅದರ ಎದುರು ಬದಿಗೆ. ಬಹಳಷ್ಟು ಕಡೆ ಇದು ಉಲ್ಟಾ ಆಗಿರುತ್ತದೆ. ಜೊತೆಗೆ ರ‍್ಯಾಂಪಿನ ತುದಿಯನ್ನು ರಸ್ತೆಯ ನಡುಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಎತ್ತರಿಸಿ, ಅಡ್ಡಕ್ಕೆ ಜಾಲರಿ ಚರಂಡಿ ಕೊಡಿ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಎರಡು ಇಂಚು ಏರುತ್ತದೆ, ನಿಮ್ಮ ರ‍್ಯಾಂಪ್ ಏರುವುದಿಲ್ಲ.

ಇರುವ ಮರಗಳನ್ನು ಸುತ್ತಳತೆ ಸಮೇತ ಸರ್ವೆಯಲ್ಲಿ ಗುರುತಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಎಷ್ಟೋ ಸಲ ಪಾರ್ಕಿಂಗ್ ಸಾಲನ್ನು ಒಂದೂವರೆ ಮೀಟರ್ ಸರಿಸಿದರೆ ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ಮೇಲಿನ ಒಂದು ಅಡಿ ಮಣ್ಣನ್ನು ಬೇರೆಯಾಗಿ ಕೆತ್ತಿ, ನಾಲ್ಕೈದು ಅಡಿಗಿಂತ ಎತ್ತರ ಮಾಡದೆ ಗುಡ್ಡೆ ಹಾಕಿಸಿ. ತೋಟಕ್ಕೆ ಕೆಂಪುಮಣ್ಣು ಕೊಂಡು ತರುವ ಖರ್ಚು ಉಳಿಯುತ್ತದೆ.

ಮಳೆ ಎಷ್ಟು, ಬೇಕಾದದ್ದು ಎಷ್ಟು

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿ.ಮೀ. ಶೇ 15 ನಷ್ಟ ಕಳೆದರೂ 800 ಚದರ ಮೀಟರ್ ತಾರಸಿಯಿಂದ ವರ್ಷಕ್ಕೆ 6.6 ಲಕ್ಷ ಲೀಟರ್ ಸಿಗುತ್ತದೆ.

ಇನ್ನು ಬಳಕೆ. 24 ಮನೆ, ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ಸುಮಾರು 13,000 ಲೀಟರ್. ವರ್ಷದ ಇಡೀ ಮಳೆನೀರು 50 ದಿನಕ್ಕೆ ಮುಗಿಯಿತು! ‘ಮಳೆನೀರಿನಿಂದಲೇ ಸ್ವಾವಲಂಬಿ’ ಎಂದು ಬ್ರೋಷರಿನಲ್ಲಿ ಕಂಡರೆ ಈ ಭಾಗಾಕಾರ ಮಾಡಿ ನೋಡಿ.

ಆದರೆ ಆ 135ರಲ್ಲಿ 45 ಲೀಟರ್ ಹೋಗುವುದು ಫ್ಲಶ್‌ಗೆ. ಅದನ್ನು ಶುದ್ಧೀಕರಿಸಿದ ನೀರಿಗೆ ಬಿಟ್ಟರೆ ತಾಜಾ ನೀರಿನ ಬೇಡಿಕೆ 8,600ಕ್ಕೆ ಇಳಿಯುತ್ತದೆ. ನಲ್ಲಿಗಳಿಗೆ ಗಾಳಿ ಬೆರೆಸಿ ನೀರು ಉಳಿಸುವ ಏರೇಟರ್ ಹಾಕಿ, ಒತ್ತಡ ಹಿಡಿತದಲ್ಲಿಟ್ಟು ತಲೆಗೆ 70 ಲೀಟರ್‌ಗೆ ತಂದರೆ 6,700. ಈಗ ಅದೇ ಮಳೆ 98 ದಿನದ ನೀರು. ಮಳೆ ಹೆಚ್ಚಾಗಲಿಲ್ಲ, ತೊಟ್ಟಿಯೂ ದೊಡ್ಡದಾಗಲಿಲ್ಲ. ಮೊದಲು ಬೇಡಿಕೆ ಇಳಿಸಿ, ಆಮೇಲೆ ತೊಟ್ಟಿಯ ಗಾತ್ರ ಗೊತ್ತುಮಾಡಿ ಎನ್ನುವುದು ಇದಕ್ಕೇ.

ತೊಟ್ಟಿ ಎಷ್ಟು ದೊಡ್ಡದಿರಬೇಕು? ಒಂದೇ ದಿನ 60 ಮಿ.ಮೀ. ಸುರಿದರೆ ಈ ತಾರಸಿಯಿಂದ ಸುಮಾರು 41,000 ಲೀಟರ್ ಬರುತ್ತದೆ. ಹಾಗಾಗಿ 40,000 ಲೀಟರ್ ತೊಟ್ಟಿ ಸಾಕು. ನಮ್ಮಲ್ಲಿ ಮಳೆ ಮೇ ತಿಂಗಳಲ್ಲೂ, ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೂ ಹರಡಿ ಬರುವುದರಿಂದ ಅದೇ ತೊಟ್ಟಿ ತುಂಬಿ ಖಾಲಿಯಾಗಿ ಮತ್ತೆ ತುಂಬುತ್ತದೆ. ಇದನ್ನು ಕಾವೇರಿ ಅಥವಾ ಟ್ಯಾಂಕರ್ ನೀರಿನ ಸಂಪ್‌ಗೆ ಸೇರಿಸದೆ ಬೇರೆಯೇ ಇಡಿ. ಒಂದೇ ಸಂಪ್ ಆದರೆ ಹಿಂದಿನ ದಿನ ಟ್ಯಾಂಕರ್ ತುಂಬಿಸಿರುತ್ತಾರೆ, ಮಳೆ ಬಂದಾಗ ಜಾಗವೇ ಇರುವುದಿಲ್ಲ.

ತಾರಸಿಗೆ 100ಕ್ಕೆ 1ರ ಇಳಿಜಾರು ಕೊಡಿ. ಸುಮಾರು 80 ಚದರ ಮೀಟರಿಗೆ ಒಂದರಂತೆ 110 ಮಿ.ಮೀ. ಪೈಪ್ ಇಳಿಸಿ, ಅಂದರೆ ಹತ್ತು ಪೈಪ್. ಮೊದಲ ಮಳೆಯ ಕೊಳೆ ಹೊರಹಾಕುವ ವ್ಯವಸ್ಥೆಯಲ್ಲಿ ಮಾತ್ರ ದೊಡ್ಡ ತಮಾಷೆ ನಡೆಯುತ್ತದೆ. ಮೊದಲ 2 ಮಿ.ಮೀ. ಬಿಡಬೇಕೆಂದರೆ ಪೈಪ್ ಒಂದಕ್ಕೆ 160 ಲೀಟರ್. ಸಾಮಾನ್ಯವಾಗಿ ಜೋಡಿಸುವ ಒಂದು ಮೀಟರ್ ಉದ್ದದ 110 ಮಿ.ಮೀ. ತುಂಡಿನಲ್ಲಿ ಹಿಡಿಯುವುದು ಎಂಟೂವರೆ ಲೀಟರ್! ಅದು ಇನ್‌ಸ್ಪೆಕ್ಷನ್‌ಗೆ ತೋರಿಸಲಿಕ್ಕೆ ಮಾತ್ರ. ಬದಲಿಗೆ ಹತ್ತೂ ಪೈಪನ್ನು ಒಂದೆರಡು ಮುಖ್ಯ ಪೈಪಿಗೆ ಸೇರಿಸಿ, ಕೊನೆಯಲ್ಲಿ ಕೈಗೆಟಕುವ ಎತ್ತರದಲ್ಲಿ ಎರಡು ವಾಲ್ವ್ ಇರುವ ಛೇಂಬರ್ ಕಟ್ಟಿ. ಋತುವಿನ ಮೊದಲ ಎರಡು ಮೂರು ಮಳೆಯನ್ನು ಚರಂಡಿಗೆ ಬಿಟ್ಟು, ತಾರಸಿ ಗುಡಿಸಿ, ಆಮೇಲೆ ವಾಲ್ವ್ ತಿರುಗಿಸಿದರಾಯಿತು. ತೊಟ್ಟಿಯ ಮುಂದಿನ ಫಿಲ್ಟರ್‌ನ ಜಾಲರಿ ಉಪಕರಣ ಇಲ್ಲದೆ ಕೈಯಲ್ಲೇ ಬಿಚ್ಚುವಂತಿರಲಿ. ಸ್ಪ್ಯಾನರ್ ಬೇಕಾದ ಫಿಲ್ಟರನ್ನು ಮಳೆಯಲ್ಲಿ ನೆನೆದುಕೊಂಡು ಯಾರೂ ತೊಳೆಯುವುದಿಲ್ಲ.

ಇಂಗುಬಾವಿ

ತಾರಸಿ ಬಿಟ್ಟು ಉಳಿದ 1,200 ಚದರ ಮೀಟರ್ ಪೂರ್ತಿ ಕಾಂಕ್ರೀಟ್ ಮಾಡಿದರೆ, 60 ಮಿ.ಮೀ. ಮಳೆಗೆ 57,000 ಲೀಟರಿನಷ್ಟು ನೀರು ರಸ್ತೆಗೆ ನುಗ್ಗುತ್ತದೆ. ಕಾರಿನ ಚಕ್ರ ಓಡಾಡುವಲ್ಲಿ ಮಾತ್ರ ಗಟ್ಟಿ ನೆಲ, ಉಳಿದಲ್ಲಿ ಮಣ್ಣು ಅಥವಾ ಸಂದು ಬಿಟ್ಟ ಕಲ್ಲುಹಾಸು ಇರಲಿ. ಹಾಸಿನ ಕೆಳಗೆ ಕಾಂಕ್ರೀಟ್ ಹಾಕಿ ಮೇಲೆ ‘ನೀರು ಇಂಗುವ’ ಬ್ಲಾಕ್ ಜೋಡಿಸುವುದನ್ನು ಎಷ್ಟೋ ಕಡೆ ಕಾಣಬಹುದು. ನೀರು ಎಲ್ಲಿಗೆ ಇಂಗಬೇಕೋ!

3 ಅಡಿ ಅಗಲ, 20 ಅಡಿ ಆಳದ ಒಂದು ಬಾವಿಯಲ್ಲಿ ಒಂದು ಸಲಕ್ಕೆ ಸುಮಾರು 4,000 ಲೀಟರ್ ಹಿಡಿಯುತ್ತದೆ. 5 ಅಡಿ ಅಗಲವಾದರೆ 11,000. ಈ ಜಾಗಕ್ಕೆ 5 ಅಡಿಯವು ಎರಡು, 3 ಅಡಿಯವು ಎರಡು ಇದ್ದರೆ ತೊಟ್ಟಿ ತುಂಬಿ ಹೊರಬರುವ ನೀರಿಗೂ ಅಂಗಳದ ನೀರಿಗೂ ಒಳ್ಳೆಯ ಆಸರೆ. ಬಾವಿ ತೋಡಲು ಬೋರ್‌ವೆಲ್ ಕಂಪನಿ ಬೇಡ. ತಲೆಮಾರುಗಳಿಂದ ಇದೇ ಕಸುಬಿನ ಮಣ್ಣು ವಡ್ಡರ ತಂಡಗಳು ಬೆಂಗಳೂರಿನ ಸುತ್ತ ಇವೆ. ಯಾವ ಪದರದಲ್ಲಿ ಮಣ್ಣು ನೀರು ಕುಡಿಯುತ್ತದೆ, ಎಲ್ಲಿ ಜೇಡಿ ತಡೆಯುತ್ತದೆ ಎಂಬುದು ಅವರ ಕಣ್ಣಿಗೇ ತಿಳಿಯುತ್ತದೆ. ಮೇಲಿನ ಕೆಂಪು ಜೇಡಿ ದಾಟಿ ಪುಡಿಗಲ್ಲಿನ ಪದರ ಸಿಗುವವರೆಗೆ ಇಳಿಸಿ. ತೂತಿರುವ ಸಿಮೆಂಟ್ ರಿಂಗ್ ಒಂದರ ಮೇಲೊಂದು ಕೂರಿಸಿ, ರಿಂಗಿನ ಹೊರಗಿನ ಸಂದಿಗೆ 20 ಮಿ.ಮೀ. ಜಲ್ಲಿ ತುಂಬಿಸಿ.

ರಿಂಗಿನ ಒಳಗೆ ಮಾತ್ರ ಏನೂ ತುಂಬಬೇಡಿ. ಜಲ್ಲಿ, ಮರಳು, ಇದ್ದಿಲು ಪದರ ಪದರವಾಗಿ ತುಂಬಿದ ಬಾವಿ ಚಿತ್ರದಲ್ಲಿ ಚೆಂದ. ನೀರು ಹಿಡಿಯುವ ಜಾಗ ಅಲ್ಲೇ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಹೂಳು ಕೂತ ಮೇಲೆ ಅದನ್ನು ಎತ್ತಿ ತೊಳೆಯುವವರಿಲ್ಲ. ಖಾಲಿ ಬಾವಿಯಾದರೆ ಬೇಸಿಗೆಯಲ್ಲಿ ಹೂಳು ತೆಗೆಯಬಹುದು. ಬಾವಿಗೆ ಮುಂಚೆ 3 ಅಡಿ ಚೌಕದ ಹೂಳು ಛೇಂಬರ್ ಕಡ್ಡಾಯ. ಅದರ ಒಳಪೈಪಿಗಿಂತ ತಳ ಒಂದೂವರೆ ಅಡಿ ಕೆಳಗಿರಲಿ. ಮೇಲ್ಮುಚ್ಚಳ ಭಾರ ತಡೆಯುವಂತಿರಬೇಕು, ಮಕ್ಕಳ ಕೈಗೆ ಏಳಬಾರದು.

ಬೇಸ್‌ಮೆಂಟ್ ಗೋಡೆಯಿಂದ ಸಾಧ್ಯವಾದಷ್ಟು ದೂರ, ಬೇಸ್‌ಮೆಂಟ್ ತಳಕ್ಕಿಂತ ಆಳದಲ್ಲಿ ನೀರು ಇಂಗುವಂತಿರಬೇಕು. ಅದಕ್ಕಾಗಿ ಮೇಲಿನ ರಿಂಗುಗಳು ತೂತಿಲ್ಲದವಾಗಿರಲಿ. ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರನ್ನಾಗಲಿ, ಕಾರು ತೊಳೆದ ನೀರನ್ನಾಗಲಿ ಬಾವಿಗೆ ಬಿಡಕೂಡದು. ಬೋರ್‌ವೆಲ್ ಕೊಳವೆಗೆ ಅಂಗಳದ ನೀರನ್ನು ನೇರ ಇಳಿಸುವುದಂತೂ ಕೆಟ್ಟ ಅಭ್ಯಾಸ. ಕೆಡುವುದು ನಿಮ್ಮ ಬೋರ್ ಮಾತ್ರವಲ್ಲ, ಪಕ್ಕದವರದೂ. ಇನ್ನೊಂದು: ಬಾವಿಯನ್ನು ಗಾರೆ ಕೆಲಸವೆಲ್ಲ ಮುಗಿದ ಮೇಲೆ ತೋಡಿ. ಮೊದಲೇ ತೋಡಿದರೆ ಸಿಮೆಂಟ್ ಹಾಲು ಹರಿದು ತಳ ಗಟ್ಟಿಯಾಗಿ, ಬಾವಿ ಸಂಪ್ ಆಗಿಬಿಡುತ್ತದೆ.

ಹತ್ತಿರದಿಂದ ನೋಡಿ ಕಲಿಯಬೇಕೆಂದರೆ ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಪಾರ್ಕ್ ಇದೆ. ನಿಮ್ಮ ಪ್ಲಂಬರನ್ನೂ ಕರೆದುಕೊಂಡು ಹೋಗಿ.

ಎರಡು ಪೈಪ್, ಒಂದು ಎಸ್‌ಟಿಪಿ

ಪ್ಲಂಬಿಂಗ್ ನಕ್ಷೆಯಲ್ಲಿ ಮೂರು ಸಂಗತಿ ನೋಡಿ. ಒಂದು, ಫ್ಲಶ್ ಪೈಪ್ ಬೇರೆ ಬಣ್ಣದ್ದಾಗಿ, ಬೇರೆ ಓವರ್‌ಹೆಡ್ ಟ್ಯಾಂಕಿನಿಂದ ಬರಬೇಕು. ಎರಡು, ಪ್ರತಿ ಮನೆಗೂ ತಾಜಾ ನೀರು ಒಂದೇ ಕಡೆಯಿಂದ ಒಳಬರಬೇಕು. ರೂಢಿಯಂತೆ ಒಂದೊಂದು ಬಾತ್‌ರೂಮಿಗೆ ತಾರಸಿಯಿಂದ ಒಂದೊಂದು ಪೈಪ್ ಇಳಿಸಿದರೆ ಮನೆಗೆ ನಾಲ್ಕು ಮೀಟರ್ ಬೇಕಾಗುತ್ತದೆ, ಕೊನೆಗೆ ಒಂದೂ ಹಾಕುವುದಿಲ್ಲ. ಮೀಟರ್ ಇಲ್ಲದ ಕಡೆ ಸೋರುವ ಫ್ಲಶ್ ಟ್ಯಾಂಕ್ ವರ್ಷಗಟ್ಟಲೆ ಸೋರುತ್ತದೆ. ಮೂರನೆಯದು ಹೆಲ್ತ್ ಫಾಸೆಟ್. ಕಮೋಡಿನ ಪಕ್ಕದಲ್ಲೇ ಫ್ಲಶ್ ಪಾಯಿಂಟ್ ಇರುವುದರಿಂದ ಪ್ಲಂಬರ್ ಅದಕ್ಕೇ ಟೀ ಹಾಕಿ ಫಾಸೆಟ್ ಜೋಡಿಸಿಬಿಡುತ್ತಾರೆ. ಮೈಗೆ ತಾಗುವ ನೀರು ತಾಜಾ ಪೈಪಿನದೇ ಆಗಿರಬೇಕು.

ಪರೀಕ್ಷೆ ಸುಲಭ. ಮನೆ ಹಸ್ತಾಂತರಕ್ಕೆ ಮುನ್ನ ಫ್ಲಶ್ ಟ್ಯಾಂಕಿಗೆ ಆಹಾರದ ಬಣ್ಣ ಕಲಸಿ, ಎಲ್ಲ ನಲ್ಲಿ, ಶವರ್, ಫಾಸೆಟ್ ತೆರೆದು ನೋಡಿ. ಕಮೋಡ್ ಬಿಟ್ಟು ಬೇರೆಲ್ಲಿಯಾದರೂ ಬಣ್ಣ ಕಂಡರೆ ಅಲ್ಲಿ ತಪ್ಪು ಜೋಡಣೆ ಇದೆ. 24 ಮನೆಗೆ ಒಂದು ದಿನದ ಕೆಲಸ.

13,000 ಲೀಟರ್ ಬಳಕೆಗೆ ಕೊಳಚೆ ಸುಮಾರು 10,500 ಲೀಟರ್. 12,000 ಲೀಟರಿನ ಘಟಕ ಸಾಕು, ಆದರೆ ಅದನ್ನು 6,000ದ ಎರಡು ಭಾಗ ಮಾಡಿ. ಮೊದಲ ವರ್ಷ ಆರೇಳು ಮನೆಯವರಷ್ಟೇ ಬಂದಿರುತ್ತಾರೆ. ಪೂರ್ತಿ ಘಟಕ ಓಡಿಸಿದರೆ ಸೂಕ್ಷ್ಮಜೀವಿಗಳಿಗೆ ಆಹಾರ ಸಾಲದೆ ನೀರು ತಿಳಿಯಾಗುವುದೇ ಇಲ್ಲ. ಬೆಳಿಗ್ಗೆ 6ರಿಂದ 9ರೊಳಗೆ ನುಗ್ಗುವ ನೀರನ್ನು ತಡೆದು ನಿಧಾನವಾಗಿ ಬಿಡಲು ಮುಂದುಗಡೆ 4,000–5,000 ಲೀಟರ್ ಸಮತೋಲನ ತೊಟ್ಟಿ ಇರಬೇಕು. ಜಾಗ ಉಳಿಸಲು ಬಿಲ್ಡರ್ ಮೊದಲು ಕತ್ತರಿ ಹಾಕುವುದು ಇದಕ್ಕೇ. ಫ್ಲಶ್ ನೀರು ಹಳದಿ, ವಾಸನೆ ಎಂಬ ದೂರಿಗೆ ಸಾಮಾನ್ಯ ಕಾರಣ ಇನ್ನೆರಡು: ಕರೆಂಟ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ಆರಿಸುವುದು, ಹೆಚ್ಚಾದ ಕೆಸರನ್ನು ಕಾಲಕಾಲಕ್ಕೆ ತೆಗೆಯದಿರುವುದು. ಬ್ಲೋವರ್ ಎರಡಿರಲಿ, ಒಂದಾದ ಮೇಲೊಂದು ದಿನವಿಡೀ ಓಡಲಿ.

ಸುರಕ್ಷತೆಯ ಮಾತು ಇಲ್ಲೇ ಹೇಳಬೇಕು. ಈ ತೊಟ್ಟಿಗಳಲ್ಲಿ ವಿಷಾನಿಲ ತುಂಬಿರುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಸ್ವಚ್ಛ ಮಾಡಲು ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಡಿ ಅಪರಾಧ, ಜೀವಕ್ಕೂ ಅಪಾಯ. ಪಂಪು, ನೀರಿಗೆ ಗಾಳಿ ಬಿಡುವ ಡಿಫ್ಯೂಸರ್ ಎಲ್ಲವೂ ಸರಪಳಿ ಹಿಡಿದು ಮೇಲಿನಿಂದಲೇ ಎತ್ತುವಂತೆ, ಕೆಸರನ್ನು ಹೊರಗಿನ ಪಂಪಿನಿಂದ ಎಳೆಯುವಂತೆ ವಿನ್ಯಾಸದಲ್ಲೇ ಮಾಡಿಸಿ. ಘಟಕದ ಕೋಣೆಗೆ ಗಾಳಿಯಾಡಲು ಫ್ಯಾನ್ ಕೊಡಿ.

ಫ್ಲಶ್‌ಗೆ 4,300, 300 ಚದರ ಮೀಟರ್ ತೋಟಕ್ಕೆ 1,300 ಲೀಟರ್ ಹೋದರೂ ದಿನಕ್ಕೆ ಸುಮಾರು 4,900 ಲೀಟರ್ ಉಳಿಯುತ್ತದೆ. ಒಳಚರಂಡಿ ಸಂಪರ್ಕ ಇಲ್ಲದ ಕಡೆ ಇದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲದೆ ಕಟ್ಟಡ ಶುರುಮಾಡಬೇಡಿ. ರಾತ್ರಿ ಹೊತ್ತು ಮಳೆನೀರಿನ ಚರಂಡಿಗೆ ಬಿಡುವುದು ಉತ್ತರವಲ್ಲ.

ಅಗೆದ ಮಣ್ಣು ಗೋಡೆಯಾಗಲಿ

500 ಚದರ ಮೀಟರ್ ಬೇಸ್‌ಮೆಂಟನ್ನು 3 ಮೀಟರ್ ಅಗೆದರೆ 1,500 ಘನ ಮೀಟರ್ ಮಣ್ಣು, ಅಂದರೆ ಟಿಪ್ಪರ್‌ಗಳಲ್ಲಿ ನೂರೈವತ್ತು ಲೋಡು. ದುಡ್ಡು ಕೊಟ್ಟು ಅದನ್ನು ಯಾವುದೋ ಕೆರೆಯಂಗಳಕ್ಕೆ ಸಾಗಿಸಿ, ಮತ್ತೆ ದುಡ್ಡು ಕೊಟ್ಟು ಇಟ್ಟಿಗೆ ತರುವುದು ನಮ್ಮ ಪದ್ಧತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1970ರ ದಶಕದಿಂದ ಬೆಳೆಸಿದ ಸ್ಥಿರೀಕೃತ ಮಣ್ಣಿನ ಬ್ಲಾಕ್ ಇದಕ್ಕೆ ಸಿದ್ಧ ಪರಿಹಾರ.

ಮೊದಲು ಬಾಟಲಿ ಪರೀಕ್ಷೆ. ನೇರ ಅಂಚಿನ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಚಿಟಿಕೆ ಉಪ್ಪು, ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ಕೂರುತ್ತದೆ, ಅದರ ಮೇಲೆ ನುಣುಪು ಪುಡಿ, ಮರುದಿನಕ್ಕೆ ಜೇಡಿ. ಬೇಕಾದದ್ದು ಸುಮಾರು ಶೇ 65–70 ಮರಳು, ಶೇ 10–15 ಜೇಡಿ. ನಮ್ಮ ಕೆಂಪುಮಣ್ಣಿನಲ್ಲಿ ಜೇಡಿ ಹೆಚ್ಚಿರುವುದರಿಂದ ಕ್ವಾರಿ ಡಸ್ಟ್ ಬೆರೆಸಿ ಹದಕ್ಕೆ ತನ್ನಿ. ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಸಿಮೆಂಟ್ ಬೆರೆಸಿದ ಮಣ್ಣಿನ ಬ್ಲಾಕ್‌ಗೆ ಇಳಿಯಬೇಡಿ. ಆ ಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ.

230×190×100 ಮಿ.ಮೀ. ಬ್ಲಾಕ್ ಸುಮಾರು 8 ಕಿಲೋ ತೂಗುತ್ತದೆ. ಶೇ 7 ಸಿಮೆಂಟ್ ಲೆಕ್ಕದಲ್ಲಿ ಒಂದು ಮೂಟೆಗೆ ತೊಂಬತ್ತರ ಆಸುಪಾಸು ಬ್ಲಾಕ್. ಮಣ್ಣು ಜರಡಿ ಹಿಡಿದು, ಒಣದಾಗಿಯೇ ಸಿಮೆಂಟ್ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ಉಂಡೆ ಕಟ್ಟಿದರೆ ಕಟ್ಟಬೇಕು, ಎದೆಮಟ್ಟದಿಂದ ಬೀಳಿಸಿದರೆ ನಾಲ್ಕೈದು ಚೂರಾಗಬೇಕು, ಅದೇ ಹದ. ನೀರು ಬೆರೆಸಿದ ಮಿಶ್ರಣವನ್ನು ಅರ್ಧ ಗಂಟೆಯಲ್ಲಿ ಒತ್ತಿ ಮುಗಿಸುವಷ್ಟು ಮಾತ್ರ ಕಲಸಿ. ಬೆಳಿಗ್ಗೆ ಒಂದೇ ಸಲ ಗುಡ್ಡೆ ಕಲಸಿ ಮಧ್ಯಾಹ್ನದವರೆಗೆ ಒತ್ತುತ್ತಾ ಕೂತರೆ ಸಿಮೆಂಟ್ ಅಷ್ಟೊತ್ತಿಗೆ ಸತ್ತಿರುತ್ತದೆ, ಬ್ಲಾಕಿನ ಅಂಚು ಉದುರುತ್ತದೆ. ನೆರಳಲ್ಲಿ ಜೋಡಿಸಿ, ಗೋಣಿ ಹೊದಿಸಿ, 21 ದಿನ ನೀರು ಹಾಕಿ. ಪಿಲ್ಲರ್ ಕಟ್ಟಡದಲ್ಲಿ ಇವು ಪಿಲ್ಲರ್‌ಗಳ ನಡುವಿನ, ಭಾರ ಹೊರದ ತುಂಬು ಗೋಡೆಗೆ ಮಾತ್ರ. ನೆಲದಿಂದ ಒಂದೂವರೆ ಅಡಿ ಸೈಜುಗಲ್ಲು, ಮೇಲೆ ಎರಡಡಿ ಸಜ್ಜಾ ಇದ್ದರೆ ಮಳೆಯ ಸಿಡಿತಕ್ಕೆ ಹೆದರಬೇಕಿಲ್ಲ.

ಕಾಂಕ್ರೀಟಿಗೆ ಹಾರುಬೂದಿಯ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟ್ ಬಳಸಿ. ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಂದಾಗಿ ಸ್ಲ್ಯಾಗ್ ನಮ್ಮಲ್ಲೇ ಸಿಗುತ್ತದೆ. ಆದರೆ ಇದು ಗಟ್ಟಿಯಾಗುವುದು ನಿಧಾನ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಸೆಂಟ್ರಿಂಗ್ ಬಿಚ್ಚಲು ಮೇಸ್ತ್ರಿ ಅವಸರ ಮಾಡಿದರೆ ಬಿಡಬೇಡಿ. ಕ್ಯೂರಿಂಗ್‌ಗೆ ಕುಡಿಯುವ ನೀರು ಸುರಿಯಬೇಡಿ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ನಿರ್ಮಾಣಕ್ಕೆ ಕುಡಿಯುವ ನೀರನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಬೇಸ್‌ಮೆಂಟ್ ಅಗೆಯುವಾಗ ಒಸರುವ ನೀರನ್ನು ಚರಂಡಿಗೆ ಪಂಪ್ ಮಾಡುವ ಬದಲು ಪರೀಕ್ಷೆ ಮಾಡಿಸಿ ಇದಕ್ಕೆ ಬಳಸಿ.

ಬಿಸಿಲು, ತಾರಸಿ

ದಕ್ಷಿಣದ ಗೋಡೆಗೆ ಎರಡಡಿ ಸಜ್ಜಾ ಸಾಕು. ಕಾಡುವುದು ಪಶ್ಚಿಮ, ಅಲ್ಲಿ ಬಿಸಿಲು ಅಡ್ಡಡ್ಡವಾಗಿ ಒಳಬರುತ್ತದೆ. ಮೆಟ್ಟಿಲು, ಲಿಫ್ಟ್, ಬಾತ್‌ರೂಮುಗಳನ್ನು ಆ ಬದಿಗೆ ತಳ್ಳಿ, ಮಲಗುವ ಕೋಣೆಯ ದೊಡ್ಡ ಗಾಜನ್ನು ಅಲ್ಲಿಡಬೇಡಿ. ವಸತಿ ಕಟ್ಟಡಗಳ ಇಂಧನ ಉಳಿತಾಯಕ್ಕೆಂದು ಬಂದ 2018ರ ಇಕೋ ನಿವಾಸ ಸಂಹಿತೆ ಗೋಡೆಗಳ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಇಟ್ಟಿದೆ. ಆರ್ಕಿಟೆಕ್ಟ್ ಹತ್ತಿರ ಆ ಲೆಕ್ಕದ ಹಾಳೆ ಕೇಳಿ.

ಓವರ್‌ಹೆಡ್ ಟ್ಯಾಂಕ್, ಲಿಫ್ಟ್ ಕೋಣೆ ತಾರಸಿಯ ಉತ್ತರಕ್ಕಿದ್ದರೆ ಸೋಲಾರ್ ಫಲಕಗಳ ಮೇಲೆ ನೆರಳು ಬೀಳುವುದು ಕಡಿಮೆ. ಕಿಲೋವ್ಯಾಟಿಗೆ 10 ಚದರ ಮೀಟರ್, ದಿನಕ್ಕೆ ಸುಮಾರು 4 ಯೂನಿಟ್. ಲಿಫ್ಟ್, ಪಂಪ್, ಎಸ್‌ಟಿಪಿಗೆಂದು 15 ಕಿಲೋವ್ಯಾಟ್ ಹಾಕಿದರೆ 60 ಯೂನಿಟ್. ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಗಳಿಗೆ ಸಾಮಾನ್ಯ ಬಳಕೆಯ ಸೋಲಾರ್‌ಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವಿದೆ. ಸ್ಟ್ಯಾಂಡಿನ ಕಾಲುಗಳಿಗೆ ಸ್ಲ್ಯಾಬ್ ಹಾಕುವಾಗಲೇ ಪೀಠ ಎಬ್ಬಿಸಿ. ಆಮೇಲೆ ಬೋಲ್ಟ್ ಕೊರೆದರೆ ವಾಟರ್‌ಪ್ರೂಫಿಂಗ್ ಹೋಯಿತು.

ಐಜಿಬಿಸಿ, ಗೃಹ, ಎಡ್ಜ್ ಎಂಬ ಹಸಿರು ಕಟ್ಟಡ ಸರ್ಟಿಫಿಕೇಟ್‌ಗಳ ಬಗ್ಗೆ ಕೇಳುವವರಿಗೆ: 24 ಮನೆಯ ಕಟ್ಟಡಕ್ಕೆ ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಎರಡನೇ ಪೈಪ್ ಲೈನಿಗೆ ಹಾಕಿ.

ಕೊನೆಗೆ ಕೀಲಿಕೈ ಕೊಡುವಾಗ

ಸಂಘಕ್ಕೆ ಹಸ್ತಾಂತರ ಮಾಡುವಾಗ ಕೊಡಬೇಕಾದದ್ದು: ಕಟ್ಟಿದಂತೆ ಇರುವ ಪ್ಲಂಬಿಂಗ್ ನಕ್ಷೆ (ಅನುಮೋದನೆಗೆ ಕೊಟ್ಟದ್ದಲ್ಲ), ಪ್ರತಿ ವಾಲ್ವ್‌ಗೆ ನಂಬರಿನ ತಗಡು, ಇಂಗುಬಾವಿಗಳ ಆಳ ಮತ್ತು ಜಾಗ, ಎಸ್‌ಟಿಪಿಯ ದಿನಚರಿ ಪುಸ್ತಕ, ಬಣ್ಣದ ಪರೀಕ್ಷೆಯ ವರದಿ. ಎಸ್‌ಟಿಪಿ ನಡೆಸುವವರನ್ನು ಒಂದು ಪೂರ್ತಿ ಮಳೆಗಾಲ ದಾಟುವವರೆಗೆ ಬಿಲ್ಡರ್ ಖರ್ಚಿನಲ್ಲೇ ಇಡುವ ಷರತ್ತನ್ನು ಕರಾರಿಗೆ ಹಾಕಿಸಿ.

ಮನೆ ಕೊಳ್ಳುವವರ ಕೈಯಲ್ಲೂ ಒಂದು ಹಿಡಿ ಇದೆ. 500 ಚದರ ಮೀಟರ್ ಅಥವಾ ಎಂಟು ಮನೆ ಮೀರಿದ ಯೋಜನೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿಗೆ ಒಳಪಡುತ್ತದೆ. ಆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸದ ಗುಣಮಟ್ಟ ಅಥವಾ ಸೇವಾ ಸೌಲಭ್ಯಗಳಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಕೊಂಡವರಿಂದ ಹಣ ಪಡೆಯದೆ ಸರಿಪಡಿಸಿಕೊಡಬೇಕು. ಹಾಗಾಗಿ ಎಸ್‌ಟಿಪಿ ನೀರನ್ನು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿ ವರದಿಗಳನ್ನು ತಾರೀಖು ಸಮೇತ ಫೈಲ್ ಮಾಡಿಡಿ. ‘ವಾಸನೆ ಬರುತ್ತದೆ’ ಎಂಬ ದೂರಿಗಿಂತ ಆರು ತಿಂಗಳ ಬಿಒಡಿ (ನೀರಿನಲ್ಲಿ ಉಳಿದ ಸಾವಯವ ಕೊಳೆಯ ಅಳತೆ) ಅಂಕಿಗಳಿಗೆ ತೂಕ ಹೆಚ್ಚು.